ಇರುವ ಎಣ್ಣೆ, ಗಿಟ್ಟುವ ಎಣ್ಣೆ

ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಸಾಲಿನಲ್ಲಿ ಬಂಗಾರವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಇಲ್ಲಿನ ಕಬಲಾಯತಕಟ್ಟಿ, ಹೊಸೂರುಗಳ ಸುತ್ತ ಗಣಿ ತೋಡಿ, ಕೆಲವು ವರ್ಷಗಳಲ್ಲೇ ಮುಚ್ಚಿಕೊಂಡು ಹೋದವು. ಬಂಗಾರ ಇನ್ನೂ ಉಳಿದಿದೆ. ಆದರೆ ಒಂದು ಟನ್ ಕಲ್ಲು ಪುಡಿ ಮಾಡಿದರೆ ದಕ್ಕುವುದು ಕೆಲವೇ ಗ್ರಾಂ. ಹೀಗಾಗಿ ಪೇಟೆಯಲ್ಲಿ ಚಿನ್ನದ ಬೆಲೆ ಏರಿದಾಗ ಗಣಿಯ ಮಾತು ಮತ್ತೆ ಏಳುತ್ತದೆ. ಈಚಿನ ಬಾರಿ ಅದಕ್ಕೆ ಅಡ್ಡ ನಿಂತವರು ಜನ. ಅವರ ಹೋರಾಟದಿಂದ 2017ರಲ್ಲಿ ಗುಡ್ಡಕ್ಕೆ ಸಂರಕ್ಷಿತ ಪ್ರದೇಶದ ಸ್ಥಾನ ಮರಳಿ ಸಿಕ್ಕಿತು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು.

ನೆಲದಲ್ಲಿ ಎಷ್ಟಿದೆ, ತೆಗೆದರೆ ಗಿಟ್ಟುತ್ತದೆಯೆ, ಗಿಟ್ಟಿದರೂ ತೆಗೆಯಬೇಕೆ? ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ‘ಜಗತ್ತಿನ ಪೆಟ್ರೋಲ್ ಯಾವಾಗ ಮುಗಿಯುತ್ತದೆ?’ ಎಂದು ಕೇಳುವಾಗ ನಾವು ಈ ಮೂರನ್ನೂ ಕಲಸಿಬಿಡುತ್ತೇವೆ. ಒಂದೊಂದಾಗಿ ಬಿಡಿಸಿ ನೋಡೋಣ.

ಕಚ್ಚಾ ತೈಲ ಹೆಚ್ಚಾಗಿ ಹುಟ್ಟುವುದು ಸಮುದ್ರದಲ್ಲಿ. ಪಾಚಿ ಮತ್ತು ಸೂಕ್ಷ್ಮಜೀವಿಗಳು ಸತ್ತು, ಆಮ್ಲಜನಕ ಅಷ್ಟಾಗಿ ತಲುಪದ ತಳದಲ್ಲಿ ಕೆಸರಿನೊಂದಿಗೆ ಕೂಡಿಕೊಳ್ಳುತ್ತವೆ. ಮೇಲೆ ಹೂಳು ತುಂಬುತ್ತ ಹೋದಂತೆ ಆ ಪದರು ಎರಡರಿಂದ ನಾಲ್ಕು ಕಿಲೋಮೀಟರ್ ಆಳಕ್ಕೆ ಇಳಿಯುತ್ತದೆ. ಅಲ್ಲಿ 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲಕ್ಷಾಂತರ ವರ್ಷ ಬೆಂದು ಎಣ್ಣೆಯಾಗುತ್ತದೆ. ಶಾಖ ಇನ್ನೂ ಹೆಚ್ಚಿದರೆ ಎಣ್ಣೆ ಉಳಿಯದೆ ಅನಿಲವಾಗುತ್ತದೆ. ಹುಟ್ಟಿದ ಎಣ್ಣೆ ಮರಳುಗಲ್ಲಿನಂಥ ರಂಧ್ರಗಳಿರುವ ಕಲ್ಲಿನಲ್ಲಿ ನೆಲೆಸಬೇಕು, ಮೇಲೆ ಸೋರದಂಥ ಕಲ್ಲಿನ ಮುಚ್ಚಳವಿರಬೇಕು. ಇಷ್ಟೆಲ್ಲ ಕೂಡಿಬಂದ ಕಡೆ ಮಾತ್ರ ಬಾವಿಗೆ ಎಣ್ಣೆ ಸುಲಭವಾಗಿ ಬರುತ್ತದೆ. ಅಸ್ಸಾಮಿನ ದಿಗ್ಬೋಯಿ, ಮುಂಬೈ ಹೈ, ರಾಜಸ್ಥಾನದ ಬಾರ್ಮೇರ್ ಅಂಥ ಜಾಗಗಳು. ಗದಗ ಸೀಮೆಯ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಭೂಮಿಯ ಶಾಖ ಮತ್ತು ಒತ್ತಡದಲ್ಲಿ ಅವು ರೂಪವನ್ನೇ ಬದಲಿಸಿಕೊಂಡಿವೆ. ಬಂಗಾರ ಕೂಡಿದ ಕಲ್ಲಿನಲ್ಲಿ ಎಣ್ಣೆ ಕೂಡಲಿಲ್ಲ.

ಹಾಗಾದರೆ ಜಗತ್ತಿನಲ್ಲಿ ಎಷ್ಟು ಎಣ್ಣೆ ಉಳಿದಿದೆ? 1956ರಲ್ಲಿ ಅಮೆರಿಕದ ಭೂವಿಜ್ಞಾನಿ ಕಿಂಗ್ ಹಬ್ಬರ್ಟ್ ತನ್ನ ದೇಶದ ತೈಲ ಉತ್ಪಾದನೆ 1965–70ರ ಸುಮಾರಿಗೆ ಶಿಖರ ಮುಟ್ಟಿ ಇಳಿಯುತ್ತದೆ ಎಂದು ಲೆಕ್ಕ ಹಾಕಿದ. 1970ರಲ್ಲಿ ಹಾಗೆಯೇ ಆಯಿತು. ಹಲವು ದಶಕ ಇಳಿದ ಆ ಉತ್ಪಾದನೆ ಬಳಿಕ ಮತ್ತೆ ಏರಿ, 2018ರಲ್ಲಿ 1970ರ ಮಟ್ಟವನ್ನೂ ದಾಟಿತು. ಗಟ್ಟಿಯಾದ ಶೇಲ್ ಕಲ್ಲಿನೊಳಗೆ ಅಡ್ಡಲಾಗಿ ಕೊರೆದು, ನೀರು ಮತ್ತು ಮರಳನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ, ಕಲ್ಲನ್ನು ಸೀಳಿ ಎಣ್ಣೆ ತೆಗೆಯುವ ವಿಧಾನ ಇದನ್ನು ಸಾಧ್ಯವಾಗಿಸಿತು. ಹಬ್ಬರ್ಟ್ ಎಣಿಸಿದ್ದು ತನ್ನ ಕಾಲದ ತಂತ್ರಜ್ಞಾನಕ್ಕೆ ಸಿಗುವ ಎಣ್ಣೆಯನ್ನು. ತಂತ್ರಜ್ಞಾನ ಬದಲಾದಾಗ ಎಣಿಕೆಯೂ ಬದಲಾಯಿತು.

‘ಇನ್ನು ಐವತ್ತು ವರ್ಷಕ್ಕೆ ಸಾಕು’ ಎಂಬ ಮಾತಿನ ಅರ್ಥವೂ ಇಷ್ಟೆ. ಇಂದಿನ ಬೆಲೆ ಮತ್ತು ತಂತ್ರದಲ್ಲಿ ತೆಗೆಯಬಹುದೆಂದು ಖಚಿತವಾಗಿರುವ ಸಂಗ್ರಹ ಸುಮಾರು 1.7 ಲಕ್ಷ ಕೋಟಿ ಬ್ಯಾರೆಲ್. ಒಂದು ಬ್ಯಾರೆಲ್ ಎಂದರೆ 159 ಲೀಟರ್. ದಿನಕ್ಕೆ ಜಗತ್ತು ಸುಡುವುದು 10 ಕೋಟಿ ಬ್ಯಾರೆಲ್ಲಿಗೂ ಹೆಚ್ಚು. ಭಾಗಿಸಿದರೆ ಐವತ್ತು ವರ್ಷದ ಆಸುಪಾಸು. 1980ರಲ್ಲಿ ಖಚಿತ ಸಂಗ್ರಹ ಸುಮಾರು 68 ಸಾವಿರ ಕೋಟಿ ಬ್ಯಾರೆಲ್ ಮಾತ್ರವಿತ್ತು. ಅಂದಿನಿಂದ ಅದಕ್ಕಿಂತ ಹೆಚ್ಚು ಸುಟ್ಟಿದ್ದೇವೆ. ಆದರೂ ಖಚಿತ ಸಂಗ್ರಹದ ಲೆಕ್ಕ ಬೆಳೆದಿದೆ. ಹಳೆಯ ತೈಲಬಾವಿಗಳಲ್ಲಿ ಸಾಮಾನ್ಯವಾಗಿ ಮೇಲೆ ಬರುವುದು ಮೂರರಲ್ಲಿ ಒಂದು ಪಾಲು, ಉಳಿದದ್ದು ಕಲ್ಲಿನಲ್ಲೇ ಅಂಟಿಕೊಂಡಿರುತ್ತದೆ. ಕಟ್ಟಕಡೆಯ ಹನಿ ಮುಗಿಯುವ ದಿನ ಬಾರದು.

ಎರಡನೆಯ ಪ್ರಶ್ನೆಗೆ ಬಂದಾಗ ಚಿಂತೆ ಶುರುವಾಗುತ್ತದೆ. ಸುಲಭದ ಎಣ್ಣೆಯನ್ನೇ ಮೊದಲು ತೆಗೆಯುತ್ತ ಬಂದಿದ್ದೇವೆ. ಇನ್ನುಳಿದದ್ದರಲ್ಲಿ ದೊಡ್ಡ ಪಾಲು ಆಳಸಮುದ್ರದಲ್ಲಿ, ಕೆನಡಾದ ಡಾಂಬರು ಮರಳಿನಲ್ಲಿ, ವೆನೆಜುವೆಲಾದ ಮಂದ ತೈಲದಲ್ಲಿ. ಶೇಲ್ ಬಾವಿಯ ಇಳುವರಿ ಮೊದಲ ವರ್ಷಗಳಲ್ಲೇ ಕುಸಿಯುವುದರಿಂದ ಹೊಸ ಬಾವಿಗಳನ್ನು ಕೊರೆಯುತ್ತಲೇ ಇರಬೇಕು. ಎಣ್ಣೆ ತೆಗೆಯಲೆಂದೇ ಹೆಚ್ಚು ಹೆಚ್ಚು ಇಂಧನ ಸುಡಬೇಕಾಗುತ್ತದೆ. ಇದರ ಮೇಲೆ ರಾಜಕೀಯ ಬೇರೆ. 1973ರ ಅರಬ್ ನಿರ್ಬಂಧದಲ್ಲಿ ಬ್ಯಾರೆಲ್ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು 3 ಡಾಲರಿನಿಂದ 12ರ ಹತ್ತಿರಕ್ಕೆ ಹಾರಿತು. ಆಗ ನೆಲದೊಳಗೆ ಎಣ್ಣೆಗೇನೂ ಬರವಿರಲಿಲ್ಲ.

ಭಾರತ ಶೇ 85ಕ್ಕಿಂತ ಹೆಚ್ಚು ಕಚ್ಚಾ ತೈಲವನ್ನು ಹೊರಗಿನಿಂದ ತರಿಸುತ್ತದೆ. ಇಂಥ ಆಪತ್ತಿಗೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವ ಗವಿಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ವಿಶಾಖಪಟ್ಟಣದ ಗವಿಯನ್ನೂ ಸೇರಿಸಿ ಮೂರನ್ನೂ ತುಂಬಿಟ್ಟರೂ ದೇಶಕ್ಕೆ ಅದು ಹತ್ತು ದಿನಕ್ಕೂ ಸಾಲದು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಭೂಮಿಯ ಬಿಸಿ 2 ಡಿಗ್ರಿಗಿಂತ ಹೆಚ್ಚು ಏರಬಾರದೆಂದರೆ ಗೊತ್ತಿರುವ ತೈಲ ಸಂಗ್ರಹದಲ್ಲಿ ಮೂರನೆಯ ಒಂದು ಪಾಲನ್ನು ತೆಗೆಯದೆ ಬಿಡಬೇಕು ಎಂದು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಎಣ್ಣೆಗಿಂತ ಮೊದಲು ಮುಗಿಯುತ್ತಿರುವುದು ಅದರ ಹೊಗೆಯನ್ನು ತಾಳುವ ಆಕಾಶದ ಶಕ್ತಿ. ಮಳೆಯನ್ನೇ ನಂಬಿದ ಗದಗ ಸೀಮೆಯ ಹೊಲಗಳು ಅದರ ಪೆಟ್ಟನ್ನು ಮೊದಲು ತಿನ್ನುತ್ತವೆ.

ಎಣ್ಣೆಗೆ ಬದಲು ಏನು? ಎಥೆನಾಲ್ ಒಂದು ದಾರಿ ಎನ್ನುತ್ತಾರೆ. 2025ರಲ್ಲಿ ದೇಶ ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿ ಮುಟ್ಟಿತು. ಅದರಲ್ಲಿ ಗೋವಿನಜೋಳದ ಪಾಲು ದೊಡ್ಡದು. ಆದರೆ ಅದೇ ವರ್ಷದ ನವೆಂಬರಿನಲ್ಲಿ ಇದೇ ಸೀಮೆಯ ಲಕ್ಷ್ಮೇಶ್ವರದ ರೈತರು ಗೋವಿನಜೋಳ ಖರೀದಿ ಕೇಂದ್ರಕ್ಕಾಗಿ ಧರಣಿ ಕೂರಬೇಕಾಯಿತು. ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆಯಿದ್ದರೂ ಮಾರುಕಟ್ಟೆಯಲ್ಲಿ ಅಷ್ಟು ಸಿಗುತ್ತಿರಲಿಲ್ಲ. ಮೇಲಾಗಿ, ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ. ಅದು ಬೆರೆಯುವುದೂ ಪೆಟ್ರೋಲಿಗೆ. ಹೊಲದ ಟ್ರ್ಯಾಕ್ಟರ್, ಪೇಟೆಯ ಲಾರಿ ಓಡುವುದು ಡೀಸೆಲಿನಲ್ಲಿ. ಗೋವಿನಜೋಳದ ತೆನೆಯಿಂದ ಡೀಸೆಲಿನ ಕೊರತೆ ತುಂಬದು.

ಗದಗ ಸೀಮೆಯಲ್ಲಿ ಬೇಕಾದಷ್ಟಿರುವುದು ಗಾಳಿ ಮತ್ತು ಬಿಸಿಲು. ಮುಂಗಾರಿನಲ್ಲಿ ಗಾಳಿ ಜೋರು, ಬೇಸಿಗೆಯಲ್ಲಿ ಬಿಸಿಲು ಜೋರು. ಒಂದು ಸೊರಗಿದಾಗ ಇನ್ನೊಂದು ಕೈಹಿಡಿಯುತ್ತದೆ. ಇವು ಡೀಸೆಲಿನ ಜಾಗಕ್ಕೆ ಬರಬೇಕಾದರೆ ವಿದ್ಯುತ್ತನ್ನು ಕೂಡಿಡುವ ಬ್ಯಾಟರಿ ಅಗ್ಗವಾಗಬೇಕು, ಬಸ್ಸು, ಸರಕು ಗಾಡಿ, ಸಣ್ಣ ಟ್ರ್ಯಾಕ್ಟರುಗಳು ವಿದ್ಯುತ್ತಿಗೆ ಹೊರಳಬೇಕು. ಗುಡ್ಡದ ಮೇಲೆ ಗಾಳಿಯಂತ್ರಕ್ಕೆಂದು ರಸ್ತೆ ಕಡಿಯುವಾಗಲೂ, ಗಣಿಗೆ ಕೇಳಿದಷ್ಟೇ ನಿಷ್ಠುರವಾಗಿ ಎಲ್ಲಿ, ಎಷ್ಟು, ಯಾರ ಒಪ್ಪಿಗೆಯಿಂದ ಎಂದು ಕೇಳಬೇಕು. ಆ ವಿದ್ಯುತ್ತು ಮೊದಲು ಇಲ್ಲಿನ ಪಂಪ್‌ಸೆಟ್ಟಿಗೆ, ಅದರ ಆದಾಯದಲ್ಲೊಂದು ಪಾಲು ಇಲ್ಲಿನ ಪಂಚಾಯಿತಿಗೆ ಬರಬೇಕು. ತೈಲದ ಯುಗದಲ್ಲಿ ಈ ಸೀಮೆ ಕೊಳ್ಳುವ ಗಿರಾಕಿ ಮಾತ್ರವಾಗಿತ್ತು. ಮುಂದಿನ ಯುಗದಲ್ಲಿ ಅದು ಒಡೆಯನಾಗಬಲ್ಲದು, ಆ ಹಕ್ಕನ್ನು ಈಗಲೇ ಕೇಳಿ ಪಡೆದರೆ.