ಬಿಸಿಲು ಬಾರದ ಬಾಲ್ಕನಿಗೆ ಕೆಸು

‘ನಮ್ಮ ಫ್ಲ್ಯಾಟಿಗೆ ಬಿಸಿಲೇ ಬರುವುದಿಲ್ಲ, ಗಿಡ ಬೆಳೆಸುವುದೆಲ್ಲಿ?’ ಎನ್ನುವ ಯುವಮಿತ್ರರೇ, ಉತ್ತರ ಊರಿನ ಹಿತ್ತಿಲಲ್ಲೇ ಇದೆ. ಮಲೆನಾಡು, ಕರಾವಳಿಗಳಲ್ಲಿ ಬಚ್ಚಲ ನೀರು ಹರಿಯುವಲ್ಲಿ, ಮರಗಳ ನೆರಳಲ್ಲಿ ಆನೆಯ ಕಿವಿಯಂಥ ಎಲೆ ಬಿಚ್ಚಿ ನಿಲ್ಲುವ ಕೆಸು! ಮುಂಬಯಿ, ಪುಣೆಗಳಲ್ಲಿ ಇದು ‘ಅಳು’. ದಿಲ್ಲಿಯಲ್ಲಿ ಇದರ ಗೆಡ್ಡೆಯೇ ‘ಅರಬಿ’, ಹೈದರಾಬಾದಿನಲ್ಲಿ ‘ಚಾಮದುಂಪ’.

ಮಳೆಗಾಲದ ಮೊದಲಿಗೆ 12 ಅಂಗುಲ ಅಗಲದ ಕುಂಡದಲ್ಲಿ ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಗೆಡ್ಡೆಯನ್ನು 2 ಅಂಗುಲ ಆಳಕ್ಕೆ ಊರಿ. ಕತ್ತಲೆ ಬೇಡ, ಬೆಳಕಿರುವ ನೆರಳು ಸಾಕು. ಮಣ್ಣು ಮಾತ್ರ ಒಣಗಬಾರದು. ಚಳಿಗಾಲದಲ್ಲಿ ಎಲೆ ಬಾಡಿದರೆ ಗಿಡ ಸತ್ತಿತೆಂದು ಕಿತ್ತೆಸೆಯಬೇಡಿ. ಗೆಡ್ಡೆ ಮಣ್ಣೊಳಗೆ ಮಲಗಿರುತ್ತದೆ, ಮತ್ತೆ ಚಿಗುರುತ್ತದೆ.

ಒಂದು ಎಚ್ಚರಿಕೆ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಹಸಿಯಾಗಿ ತಿಂದರೆ ಬಾಯಿ, ಗಂಟಲು ತುರಿಸುತ್ತವೆ. ಅಜ್ಜಿ ಪತ್ರೊಡೆಯ ಹಿಟ್ಟಿಗೆ ಧಾರಾಳವಾಗಿ ಹುಣಸೆಹಣ್ಣು ಹಾಕಿ, ಹಬೆಯಲ್ಲಿ ಚೆನ್ನಾಗಿ ಬೇಯಿಸುವುದು ಈ ತುರಿಕೆಗೆ ಅಂಜಿಯೇ. ನರ್ಸರಿಯಲ್ಲಿ ಅಲಂಕಾರಕ್ಕೆಂದು ಮಾರುವ ಅಲೊಕೇಸಿಯಾ, ಕೆಲಾಡಿಯಂಗಳೂ ಇದೇ ವಂಶದವು. ನೋಡಲು ಚೆಂದ, ಅಡುಗೆಗೆ ಸಲ್ಲವು.

ತಿನ್ನುವ ಕೆಸು ಯಾವುದು, ಕಾಡುಕೆಸು ಯಾವುದು ಎಂದು ನೋಡಿದೊಡನೆ ಹೇಳಬಲ್ಲವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಮುಂದಿನ ರಜೆಗೆ ಊರಿಗೆ ಹೋದಾಗ ಅಜ್ಜಿಯೊಡನೆ ಹಿತ್ತಿಲಿಗೆ ಇಳಿಯಿರಿ. ಕೇಳಿ, ಮುಟ್ಟಿ ನೋಡಿ, ಅವರೇ ತೋರಿಸಿದ ಒಂದು ಗೆಡ್ಡೆಯನ್ನು ಚೀಲಕ್ಕೆ ಹಾಕಿಕೊಳ್ಳಿ. ಆ ತಿಳಿವಳಿಕೆ ನಮ್ಮ ಪಾಲಿಗೆ ಕೆಸುವಿನೆಲೆಯ ಮೇಲಿನ ನೀರಾಗದಿರಲಿ.