ಬಾಳೆ ಎಲೆಯ ಅಡಿಯಲ್ಲೊಂದು ರಿವೆಟ್ ಕೆಲಸ

"ನಮ್ಮ ತೋಟಕ್ಕೆ ಹಮ್ಮಿಂಗ್‌ಬರ್ಡ್ ಬರ್ತದೆ ಮಾರಾಯ" ಅಂತ ಕಾರ್ಕಳ ಕಡೆಯ ಗೆಳೆಯರು ಹೇಳುವುದನ್ನು ನೀವೂ ಕೇಳಿರಬಹುದು. ನಿಜ ಹೇಳಬೇಕೆಂದರೆ ಹಮ್ಮಿಂಗ್‌ಬರ್ಡ್‌ಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮಲ್ಲಿ ದಾಸವಾಳಕ್ಕೆ ಬರುವುದು ಸೂರಕ್ಕಿ. ಎರಡಕ್ಕೂ ಹತ್ತಿರದ ಸಂಬಂಧವೇ ಇಲ್ಲ.

ಹಮ್ಮಿಂಗ್‌ಬರ್ಡ್‌ಗಳಲ್ಲಿ 'ಹರ್ಮಿಟ್' ಅಂತ ಒಂದು ಗುಂಪಿದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳ ನೆರಳಿನಲ್ಲಿ ಇವುಗಳ ವಾಸ. ಮಂಕು ಬಣ್ಣ, ಹೆಚ್ಚಿನವಕ್ಕೆ ಉದ್ದನೆಯ ಬಾಗಿದ ಕೊಕ್ಕು. ನಾವು ಅಂಗಳದಲ್ಲಿ ಚಂದಕ್ಕೆ ನೆಡುವ ಹೆಲಿಕೋನಿಯಾದ ಕಾಡು ಜಾತಿಗಳು ಇವುಗಳ ಮುಖ್ಯ ಆಹಾರ. ಒಂದು ಹೂವಿನಿಂದ ಇನ್ನೊಂದಕ್ಕೆ ದಿನಾ ಅದೇ ರೂಟ್‌ನಲ್ಲಿ ಸುತ್ತುತ್ತವೆ, ನಮ್ಮ ಲೈನ್ ಬಸ್ಸಿನ ಹಾಗೆ!

ಇದಕ್ಕೆ ಹೋಲುವ ಹಕ್ಕಿ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ: ಸೂರಕ್ಕಿಗಳ ಕುಟುಂಬದ ಪುಟ್ಟ ಸ್ಪೈಡರ್‌ಹಂಟರ್, ಅಂದರೆ ಜೇಡಬೇಟೆಗಾರ. ಇದಕ್ಕೂ ಮಂಕು ಹಸಿರು ಬೆನ್ನು, ಉದ್ದ ಬಾಗಿದ ಕೊಕ್ಕು. ಕಾರ್ಕಳದಿಂದ ಬಜಗೋಳಿ ದಾಟಿ ಕುದುರೆಮುಖದ ಘಾಟಿ ಹತ್ತುವಾಗ ಸಿಗುವಂಥ ಕಾಡು ಇದರ ಮನೆ. ಕಾಡುಬಾಳೆಯ ಹೂವಿನ ಮಕರಂದ ಇದಕ್ಕೆ ಇಷ್ಟ.

ಹಾರಾಟದಲ್ಲಿ ಮಾತ್ರ ವ್ಯತ್ಯಾಸ ಇದೆ. ಹಮ್ಮಿಂಗ್‌ಬರ್ಡ್ ಭುಜದ ಕೀಲಿನಲ್ಲಿ ರೆಕ್ಕೆ ತಿರುಗಿಸುವುದರಿಂದ ರೆಕ್ಕೆ ಕೆಳಗೆ ಬರುವಾಗಲೂ ಮೇಲೆ ಹೋಗುವಾಗಲೂ ಲಿಫ್ಟ್ ಸಿಗ್ತದೆ. ಹಾಗಾಗಿ ಗಾಳಿಯಲ್ಲಿ ನಿಂತೇ ಕುಡಿಯುತ್ತದೆ. ನಮ್ಮ ಹಕ್ಕಿಗೆ ಸಾಮಾನ್ಯವಾಗಿ ಕಾಲೂರಲು ಜಾಗ ಬೇಕು.

ಆದರೆ ಮನೆ ಕಟ್ಟುವಾಗ ಎರಡೂ ಒಂದೇ ಡಿಸೈನ್‌ಗೆ ಬಂದಿವೆ. ಹರ್ಮಿಟ್ ಜೋತುಬಿದ್ದ ಎಲೆಯ ತುದಿಯ ಅಡಿಗೆ ಜೇಡರ ಬಲೆಯ ನೂಲಿನಿಂದ ಗೂಡು ಅಂಟಿಸುತ್ತದೆ. ಗೂಡಿನ ಕೆಳಗೆ ನೇತಾಡುವ ಬಾಲವೂ ಇರುತ್ತದೆ, ಅದು ಸಮತೋಲನಕ್ಕೆ ಅಂತಾರೆ. ಸ್ಪೈಡರ್‌ಹಂಟರ್ ಬಾಳೆಯಂಥ ಅಗಲ ಎಲೆಗೆ ಕೊಕ್ಕಿನಿಂದ ತೂತು ಮಾಡಿ, ಅದೇ ನೂಲನ್ನು ತೂರಿಸಿ, ಮೇಲ್ಭಾಗದಲ್ಲಿ ಗಂಟಿನಂತೆ ನಿಲ್ಲಿಸುತ್ತದೆ. ಪಕ್ಕಾ ರಿವೆಟ್! ಎಲೆಯೇ ಮಾಡು, ಮಳೆ ಗೂಡಿಗೆ ತಾಗುವುದಿಲ್ಲ. ಸಂಬಂಧವಿಲ್ಲದ ಜೀವಿಗಳು ಒಂದೇ ಸಮಸ್ಯೆಗೆ ಒಂದೇ ಉತ್ತರ ಕಂಡುಕೊಳ್ಳುವ ಇದಕ್ಕೆ ಸಮಮುಖ ವಿಕಾಸ ಎನ್ನುತ್ತಾರೆ.

ಈ ಡಿಸೈನ್‌ನ ತೊಂದರೆ ಒಂದೇ: ಗೂಡು ನಮ್ಮ ಕಣ್ಣಿಗೂ ಬೀಳುವುದಿಲ್ಲ. ಕಾಡಿನಂಚಿನ ತೋಟದಲ್ಲಿ ಊಟಕ್ಕೆಂದು ಎಲೆ ಕೊಯ್ದರೆ ಮೊಟ್ಟೆ, ಮರಿ ಎಲ್ಲ ನೆಲಕ್ಕೆ. ಹಾಗಾಗಿ ಮುಂದಿನ ಸಲ ಕತ್ತಿ ಹಾಕುವ ಮುಂಚೆ ಎಲೆಯ ಅಡಿಗೆ ಒಮ್ಮೆ ಬಗ್ಗಿ ನೋಡಿ. ಗೂಡಿದ್ದರೆ ಪಕ್ಕದ ಗಿಡದಿಂದ ಕೊಯ್ಯಿರಿ, ಊಟಕ್ಕೆ ಎಲೆ ಕಮ್ಮಿ ಆಗ್ಲಿಕ್ಕಿಲ್ಲ.