ಮಂಗನ ಕಾಯಿಲೆ

1957ನೆಯ ಇಸವಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಒಂದರ ಹಿಂದೊಂದು ಸತ್ತು ಬೀಳತೊಡಗಿದುವು. ಅದೇ ವೇಳೆಗೆ ಸುತ್ತಣ ಹಳ್ಳಿಗರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು, ಕೆಲವರು ಮೃತರಾದರು. ಈ ಎರಡು ಬಗೆಯ ಸಾವುಗಳಿಗೂ ಸಂಬಂಧವುಂಟೆ?

ವಿಜ್ಞಾನಿಗಳ ಶಂಕೆ ಮೊದಲು ಹಳದಿ ಜ್ವರದ ಕಡೆಗೆ ಹರಿಯಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ರೋಗ ಹಬ್ಬಿದಾಗಲೂ ಮಂಗಗಳು ಸಾಯುತ್ತವೆ. ಏಷ್ಯಕ್ಕೆ ಕಾಲಿಡದಿದ್ದ ಆ ಪಿಡುಗು ಇಲ್ಲಿಗೂ ಬಂದಿತೆ ಎಂಬ ಆತಂಕ ಮೂಡಿತು. ಆದರೆ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ರೋಗಾಣುವನ್ನು ಬೇರ್ಪಡಿಸಿ ಪರೀಕ್ಷಿಸಲಾಗಿ, ಅದು ಹೊಸ ವೈರಸ್ಸೆಂದೂ, ರಷ್ಯದಲ್ಲಿ ಉಣುಗುಗಳಿಂದ ಹರಡುವ ಮಿದುಳಿನ ಉರಿಯೂತದ ವೈರಸ್ಸಿಗೆ ದಾಯಾದಿಯೆಂದೂ ತಿಳಿಯಿತು. ಸುಮಾರು 20,000 ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರು ಆದೀತು. ಅದರ ಗಾತ್ರ ಅಷ್ಟು ಅಲ್ಪ!

ಈ ಕಣವನ್ನು ಹೊತ್ತು ತರುವುದು ಕಾಡಿನ ಉಣುಗು. ಇಲಿ, ಮೂಗಿಲಿ, ಮಂಗಗಳ ರಕ್ತ ಹೀರುವಾಗ ವೈರಸ್ಸು ಅದರ ದೇಹವನ್ನು ಸೇರುತ್ತದೆ. ಮಂಗ ಸತ್ತು ಮೈ ತಣ್ಣಗಾದೊಡನೆ ಉಣುಗುಗಳು ಅದನ್ನು ಬಿಟ್ಟು ನೆಲಕ್ಕಿಳಿಯುತ್ತವೆ. ಸೌದೆಗೋ ದರಗಿಗೋ ಅಲ್ಲಿಗೆ ಹೋದವರನ್ನು ಕಚ್ಚುತ್ತವೆ. ಕಾಡಿನಲ್ಲಿ ಮೇಯುವ ದನಗಳು ಉಣುಗುಗಳಿಗೆ ಆಹಾರವೊದಗಿಸಿ ಅವುಗಳ ಸಂತತಿಯನ್ನು ಬೆಳೆಸುತ್ತವೆ. ಎಳೆಯ ಉಣುಗುಗಳು ಹೆಚ್ಚುವ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಕಾಲವೇ ರೋಗದ ಕಾಲ.

ಸೋಂಕು ತಗಲಿದ 3ರಿಂದ 8 ದಿನಗಳಲ್ಲಿ ಚಳಿಯೊಡನೆ ಜ್ವರ ಥಟ್ಟನೆ ಏರುತ್ತದೆ. ವಿಪರೀತ ತಲೆನೋವು, ಮೈಕೈ ನೋವು, ವಾಂತಿ, ಭೇದಿಗಳು ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮೂಗು, ವಸಡು, ಕರುಳುಗಳಿಂದ ರಕ್ತ ಸ್ರವಿಸುತ್ತದೆ. ಬಹುಮಂದಿ ಚೇತರಿಸಿಕೊಳ್ಳುವರಾದರೂ, ಕೆಲವರಿಗೆ ಒಂದೆರಡು ವಾರ ಕಳೆದ ಮೇಲೆ ಜ್ವರ ಮರುಕಳಿಸಿ ನಡುಕ, ಮತಿವಿಭ್ರಮೆಗಳು ತೋರುವುದುಂಟು. ಆದುದರಿಂದ ಜ್ವರ ಬಿಟ್ಟಿತೆಂದು ನಿಶ್ಚಿಂತರಾಗಬಾರದು. ರೋಗಿಗಳಲ್ಲಿ 100ಕ್ಕೆ 3ರಿಂದ 5 ಮಂದಿ ಸಾಯುತ್ತಾರೆ.

ಈ ವೈರಸ್ಸನ್ನೇ ಕೊಲ್ಲುವ ಔಷಧಿಯಿಲ್ಲ. ಬೇಗನೆ ಆಸ್ಪತ್ರೆ ಸೇರಿ ಆರೈಕೆ ಪಡೆಯುವುದೇ ದಾರಿ. ರೋಗಿಯನ್ನು ಉಪಚರಿಸಲು ಮಾತ್ರ ಅಂಜಬೇಕಿಲ್ಲ, ಏಕೆಂದರೆ ಇದು ಮನುಷ್ಯನಿಂದ ಮನುಷ್ಯನಿಗೆ ಹರಡದು.

ಸೊರಬದಲ್ಲಿ ಮೊದಲು ಕಂಡ ರೋಗ ಈಗ ಕೇರಳ, ಗೋವ, ಮಹಾರಾಷ್ಟ್ರಗಳಲ್ಲಿಯೂ ಕಾಣಿಸಿಕೊಂಡಿದೆ. ಕಾಡಿಗೆ ಹೋಗಲೇಬೇಕಾದವರು ಮೈತುಂಬ ಬಟ್ಟೆ ತೊಟ್ಟು, ಉಣುಗು ನಿವಾರಕ ತೈಲ ಸವರಿಕೊಂಡು ಹೋಗಲಿ. ಮರಳಿದ ಕೂಡಲೆ ಬಿಸಿನೀರಿನಲ್ಲಿ ಸ್ನಾನಮಾಡಿ ಬಟ್ಟೆ ಒಗೆಯಲಿ. ಸತ್ತ ಮಂಗವನ್ನು ಕಂಡರೆ ಹತ್ತಿರ ಸುಳಿಯದೆ, ಮುಟ್ಟದೆ, ಆರೋಗ್ಯ ಇಲಾಖೆಗೆ ಆಗಲೇ ತಿಳಿಸಬೇಕು. ಮಲೆನಾಡಿನ ವಿದ್ಯಾರ್ಥಿಗಳು ಇದನ್ನು ತಮ್ಮ ಮನೆಯ ಹಿರಿಯರಿಗೆ ತಿಳಿಸಿ ಹೇಳಲಿ. ಮಂಗದ ಸಾವು ನಮಗೆ ಮೊದಲು ಸಿಗುವ ಎಚ್ಚರಿಕೆ. ಅದನ್ನು ಅರಿತು ನಡೆದರೆ ಒಂದು ಮನೆಯ ಸಾವು ತಪ್ಪೀತು.